ಆರುನೂರ ಇಪ್ಪತ್ತು ಸುತ್ತು

ಸುತ್ತು ಎಣಿಸುವವರ ಜೊತೆ ಮಾತಾಡಬಾರದು. ನಮ್ಮ ಕಾರ್ಖಾನೆಗೆ ಸೇರಿದ ಮೊದಲ ದಿನವೇ ಕಲಿಸುವ ಪಾಠ ಇದು. ಯಾರಾದರೂ ಏನಾದರೂ ಕೇಳಲು ಬಂದರೆ ಹಿಡಿಕೆ ತಿರುಗಿಸುತ್ತಲೇ ಬಲಗೈಯ ತೋರುಬೆರಳೊಂದನ್ನು ಎತ್ತಬೇಕು. ತಾಳಿ, ಬಾಯಲ್ಲಿ ಲೆಕ್ಕ ಇದೆ ಎಂದು ಅದರ ಅರ್ಥ. ಬೆರಳು ಇಳಿಯುವ ತನಕ ಬಂದವರು ನಿಂತಿರಬೇಕು. ಯಜಮಾನರೂ ನಿಲ್ಲುತ್ತಾರೆ. ನಮ್ಮ ಮೇಲಿನ ಮರ್ಯಾದೆಗಲ್ಲ. ಲೆಕ್ಕ ತಪ್ಪಿದರೆ ಹಾಳಾಗುವ ತಂತಿ ಅವರದು.

ನಾವು ಮಾಡುವುದು ಸ್ಟೆಬಿಲೈಸರ್. ಮನೆಗೆ ಬರುವ ಕರೆಂಟು ಕುಗ್ಗಿದರೆ ಎತ್ತಿ ಕೊಡುವ, ಹೆಚ್ಚಿದರೆ ತಗ್ಗಿಸಿ ಕೊಡುವ, ಮಿತಿ ಮೀರಿದರೆ ಪಟ್ಟನೆ ಕಡಿದು ಹಾಕುವ ಡಬ್ಬ. ಅದರ ಹೊಟ್ಟೆಯಲ್ಲಿ ತಂತಿಯ ಒಂದು ಸುರುಳಿ ಇರುತ್ತದೆ. ಆ ಸುರುಳಿ ಸುತ್ತುವವಳು ನಾನು. ಹನ್ನೊಂದು ವರ್ಷದಿಂದ ಸುತ್ತುತ್ತಿದ್ದೇನೆ. ಬಲಗೈ ಹಿಡಿಕೆ ತಿರುಗಿಸುತ್ತದೆ, ಎಡಗೈಯ ಎರಡು ಬೆರಳ ನಡುವೆ ತಂತಿ ಹರಿಯುತ್ತದೆ. ಆ ಬೆರಳುಗಳಲ್ಲಿ ತಂತಿ ಕೊರೆದ ಗೆರೆ ಇದೆ. ಅನ್ನ ಕಲಸಿದರೆ ಉರಿಯುತ್ತದೆ. ಐವತ್ತು ಸುತ್ತಿಗೆ ಒಂದು ಗುಂಡಿ ಎತ್ತಿ ತಟ್ಟೆಗೆ ಹಾಕುತ್ತೇನೆ. ಅಂಗಿಯ ಹಳೇ ಗುಂಡಿಗಳು. ಯಂತ್ರಕ್ಕೆ ಮೊದಲು ಎಣಿಸುವ ಮೀಟರು ಇತ್ತು. ಕೆಟ್ಟಿದೆ ಎಂದು ಯಜಮಾನರೇ ಬಿಚ್ಚಿಸಿದರು. ಕೆಟ್ಟಿರಲಿಲ್ಲ.

ನನ್ನ ಲೆಕ್ಕ ಒಮ್ಮೆಯೂ ತಪ್ಪಿಲ್ಲ. ಅದಕ್ಕೇ ಯಜಮಾನರು ನನಗೆ ಮೀಟರು ಎಂದು ಹೆಸರಿಟ್ಟರು. ಹೊರಗಿನಿಂದ ದೊಡ್ಡವರು ಬಂದಾಗ ನನ್ನ ಸ್ಟೂಲಿನ ಹತ್ತಿರ ಕರೆತಂದು, "ಇವಳಿಗೆ ಮೀಟರೇ ಬೇಡ, ಇವಳೇ ಮೀಟರು" ಎಂದು ನಗುತ್ತಿದ್ದರು. ನಾನೂ ನಗುತ್ತಿದ್ದೆ. ಈಗ ನೆನೆದರೆ ಮೈ ಉರಿಯುತ್ತದೆ.

ಮೀಟರು ಯಾಕೆ ಬಿಚ್ಚಿಸಿದರು ಎಂದರೆ ನಮ್ಮಲ್ಲಿ ಎರಡು ಬಗೆಯ ಡಬ್ಬ ಇದ್ದವು. ಹಸಿರು ಚೀಟಿಯದು, ಬಿಳಿ ಚೀಟಿಯದು. ಹಸಿರಿಗೆ ತಾಮ್ರದ ತಂತಿ, ಆರುನೂರ ಇಪ್ಪತ್ತು ಸುತ್ತು. ಮೂರು ಸಲ ವಾರ್ನಿಷಿನಲ್ಲಿ ಅದ್ದಿ ಒಲೆಯಲ್ಲಿ ಒಣಗಿಸುತ್ತಾರೆ. ಬಿಳಿಗೆ ಅಲ್ಯೂಮಿನಿಯಂ, ಮೇಲೆ ತಾಮ್ರದ ಬಣ್ಣ. ಐನೂರ ಹತ್ತು ಸುತ್ತು. ವಾರ್ನಿಷು ಒಂದೇ ಅದ್ದು. ಮೀಟರಿದ್ದರೆ ಈ ಕಡಿತ ನೋಡಿದವರಿಗೆಲ್ಲ ಕಾಣುತ್ತಿತ್ತು. ಹಸಿರಿನಲ್ಲಿ ಕರೆಂಟು ಮಿತಿ ಮೀರಿದರೆ ಕಡಿಯುವ ಒಂದು ಪುಟ್ಟ ಕಪ್ಪು ಚೌಕ ಇರುತ್ತದೆ. ಕಟಾಫ್ ಎನ್ನುತ್ತೇವೆ. ಬಿಳಿಯಲ್ಲಿ ಆ ಜಾಗ ಖಾಲಿ. ಆದರೆ ಹೊರಗೆ ಅದರ ಕೆಂಪು ದೀಪ ಮಾತ್ರ ಇರುತ್ತದೆ, ಚೆನ್ನಾಗಿಯೇ ಉರಿಯುತ್ತದೆ. ಹಸಿರು ಹೋಗುವುದು ದೊಡ್ಡ ಬಡಾವಣೆಯ ಅಂಗಡಿಗಳಿಗೆ. ಬಿಳಿ ಹೋಗುವುದು ನಮ್ಮಂಥ ಓಣಿಗಳಿಗೆ. ಕೆಲಸಗಾರರಿಗೆ ಅಗ್ಗ ಎಂದು ಕೊಡುತ್ತಿದ್ದುದೂ ಅದೇ. ನಮ್ಮ ಕೈಯಿಂದ ನಮ್ಮ ಕಣ್ಣಿಗೇ ಮಣ್ಣೆರಚಿಸಿದರು. ನಾವು ಎರಚಿಕೊಂಡೆವು.

ಸಂಜೆ ಮನೆಗೆ ಹೊರಟರೆ ಗೇಟಿನಲ್ಲಿ ತಪಾಸಣೆ. ಕಾವಲಿನವಳು ತುರುಬು ಬಿಚ್ಚಿಸುತ್ತಾಳೆ. ಡಬ್ಬಿಯ ಮುಚ್ಚಳ ತೆಗೆಸುತ್ತಾಳೆ. ಸೊಂಟದ ಸುತ್ತ ಕೈಯಾಡಿಸುತ್ತಾಳೆ. ಒಂದು ಬೆರಳುದ್ದ ತಾಮ್ರ ಸಿಕ್ಕರೆ ಕೆಲಸ ಹೋಯಿತು. ಹನ್ನೊಂದು ವರ್ಷ, ದಿನಾ, ಕೈ ಮೇಲೆತ್ತಿ ನಿಂತಿದ್ದೇನೆ. ಪ್ರತಿ ಬಿಳಿ ಡಬ್ಬದಲ್ಲಿ ನೂರ ಹತ್ತು ಸುತ್ತು ನುಂಗಿದವರ ಕಾರು ಪಕ್ಕದಲ್ಲೇ ಹಾದು ಹೋಗುತ್ತಿತ್ತು. ಅದರ ಡಿಕ್ಕಿಯನ್ನು ಯಾರೂ ತೆಗೆಸಲಿಲ್ಲ.

ನಮ್ಮ ಓಣಿ ಲೈನಿನ ಬಾಲದಲ್ಲಿದೆ. ಬಡಾವಣೆಯನ್ನೆಲ್ಲ ಸುತ್ತಿ, ಅವರು ಕುಡಿದು ಮಿಕ್ಕಿದ ಕರೆಂಟು ನಮಗೆ. ಅಲ್ಲಿ ಎಲ್ಲರ ಮನೆಯಲ್ಲೂ ತಂಪಿನ ಯಂತ್ರ ಓಡಿದರೆ ಇಲ್ಲಿ ಫ್ಯಾನಿನ ರೆಕ್ಕೆ ಎಣಿಸಬಹುದು. ಅವರು ಆರಿಸಿದರೆ ಇಲ್ಲಿ ಬಲ್ಬು ಕಣ್ಣು ಕುಕ್ಕುತ್ತದೆ, ಪಟ್ಟೆಂದು ಹೋಗುತ್ತದೆ. ಬಡಾವಣೆಗೆ ಹೊಸ ಟ್ರಾನ್ಸ್‌ಫಾರ್ಮರ್ ಬಂತು. ನಮಗೆ ಹಳೆಯದನ್ನೇ ತೊಳೆದು ಬಣ್ಣ ಬಳಿದು ಬಿಟ್ಟರು. ನಮ್ಮ ಮೂವತ್ತೊಂದು ಮನೆಯಲ್ಲೂ ಸ್ಟೆಬಿಲೈಸರ್ ಇದೆ. ಊಟಕ್ಕಿಲ್ಲದಿದ್ದರೂ ಅದಿರಬೇಕು. ಎಲ್ಲವೂ ಬಿಳಿ ಚೀಟಿ.

ನನ್ನ ಮನೆಯಲ್ಲಿ ಇರುವುದು ನಾನು, ಅಕ್ಕ. ಅಕ್ಕ ಅದೇ ಕಾರ್ಖಾನೆಯ ವಾರ್ನಿಷು ಕೋಣೆಯಲ್ಲಿ ಹದಿನಾರು ವರ್ಷ ದುಡಿದಳು. ಕಿಟಕಿ ಇಲ್ಲದ ಕೋಣೆ. ಕಿಟಕಿ ಇದ್ದರೆ ಧೂಳು ಬಂದು ಸುರುಳಿಗೆ ಅಂಟುತ್ತದಂತೆ. ಸುರುಳಿಗೆ ಧೂಳು ಅಂಟಬಾರದು, ಅಕ್ಕನ ಎದೆಗೆ ವಾರ್ನಿಷು ಅಂಟಬಹುದು. ಹದಿನೇಳನೇ ವರ್ಷ ಅವಳಿಗೆ ನಾಲ್ಕು ಹೆಜ್ಜೆ ನಡೆದರೆ ಏದುಸಿರು. ಮನೆಗೆ ಕಳಿಸಿದರು. ಡಾಕ್ಟರು ದಿನಕ್ಕೆ ಹದಿನೈದು ಗಂಟೆ ಆಕ್ಸಿಜನ್ ಬೇಕು ಎಂದರು. ಓಣಿಯವರೆಲ್ಲ ಕೈ ಹಾಕಿ ಯಾರೋ ಬಳಸಿ ಬಿಟ್ಟಿದ್ದ ಆಕ್ಸಿಜನ್ ಯಂತ್ರವೊಂದನ್ನು ತಂದುಕೊಟ್ಟರು. ಗೋಡೆಯ ಕರೆಂಟಿನಿಂದ ಓಡುವ ಯಂತ್ರ. ಮೂಗಿಗೆ ಎರಡು ಸಣ್ಣ ನಳಿಕೆ. ಅದು ಗುರ್ರ್ ಎನ್ನುತ್ತಿದ್ದರೆ ನನಗೆ ನೆಮ್ಮದಿ.

ಕಾರ್ಖಾನೆಗೆ ಇಪ್ಪತ್ತೈದು ವರ್ಷ ತುಂಬಿದ ದಿನ ಯಜಮಾನರು ಅಂಗಳದಲ್ಲಿ ಶಾಮಿಯಾನ ಹಾಕಿಸಿದರು. "ಇದು ಕಾರ್ಖಾನೆ ಅಲ್ಲ, ನಮ್ಮ ಮನೆ" ಎಂದು ಭಾಷಣ ಮಾಡಿದರು. ಅಕ್ಕನ ಯಂತ್ರಕ್ಕೆಂದು ಒಂದು ಸ್ಟೆಬಿಲೈಸರನ್ನು ಪುಕ್ಕಟೆ ಕೊಟ್ಟರು. ಹಸಿರು ಚೀಟಿ ಅಂಟಿಸಿದ ಡಬ್ಬ, ಸ್ಕ್ರೂ ಮೇಲೆ ಅವರ ಸೀಲು. ಫೋಟೋ ತೆಗೆಸಿದರು. ನಾನು ಎರಡೂ ಕೈ ಚಾಚಿ ತೆಗೆದುಕೊಂಡೆ.

ಹಸಿರು ಡಬ್ಬ ಎತ್ತಬೇಕಾದರೆ ಸೊಂಟ ಕೊಡಬೇಕು. ಇದು ಒಂದೇ ಕೈಗೆ ಎದ್ದು ಬಂತು.

ನನ್ನ ಕೈಗೆ ಗೊತ್ತಾಯಿತು. ಬಾಯಿ ತೆರೆಯಲಿಲ್ಲ. ಕೊಟ್ಟವರ ಎದುರಿಗೆ ಬಿಚ್ಚಿ ನೋಡುವುದೇ? ಫೋಟೋದವನು ನಗಿ ಎಂದ, ನಕ್ಕೆ. ಮನೆಗೆ ತಂದು ಜೋಡಿಸಿದೆ. ಕೆಂಪು ದೀಪ ಚೆನ್ನಾಗಿ ಉರಿಯಿತು. ಅಕ್ಕ ಕೇಳಿದಳು, "ಚೆನ್ನಾಗಿದೆಯೇನೆ?"

"ಚೆನ್ನಾಗಿದೆ" ಎಂದೆ.

ಏಳು ತಿಂಗಳು ಓಡಿತು. ಎಂಟನೇ ತಿಂಗಳು, ಒಂದು ಮಧ್ಯಾಹ್ನ, ಜೋರು ಗಾಳಿ. ನಾನು ಕೆಲಸದಲ್ಲಿದ್ದೆ. ತಟ್ಟೆಯಲ್ಲಿ ಆರು ಗುಂಡಿ ಬಿದ್ದಿತ್ತು. ನಮ್ಮ ಓಣಿಯ ಕ್ಷೌರದಣ್ಣ ಸೈಕಲ್ಲಿನಲ್ಲಿ ಬಂದು ಬಾಗಿಲಲ್ಲಿ ನಿಂತ. ಏನೋ ಹೇಳಲು ಬಾಯಿ ತೆರೆದ. ನಾನು ಬೆರಳು ಎತ್ತಿದೆ. ಅಭ್ಯಾಸ. ಅವನಿಗೆ ಆ ಬೆರಳಿನ ಅರ್ಥ ಗೊತ್ತು, ಪಾಪ, ನಿಂತ. ಆ ಪದರ ಮುಗಿಸಿ ಬೆರಳು ಇಳಿಸಿದೆ. ಅವನು ಹೇಳಿದ, "ಅಕ್ಕನ ಮಷೀನು ಸುಟ್ಟು ಹೋಯ್ತು. ಅಕ್ಕ ನೀಲಿ ಆಗಿದ್ದಾಳೆ."

ಇಪ್ಪತ್ತೆರಡು ಸುತ್ತು. ಅಕ್ಕ ಉಸಿರಿಲ್ಲದೆ ಬಿದ್ದಿದ್ದಾಗ ನಾನು ಇಪ್ಪತ್ತೆರಡು ಸುತ್ತು ಸುತ್ತಿದೆ.

ಅವನು ಇತ್ತ ಬರುವಾಗ ಓಣಿಯ ಹೆಂಗಸರು ಅವಳನ್ನು ಆಗಲೇ ತರಕಾರಿ ಗಾಡಿಯ ಮೇಲೆ ಮಲಗಿಸಿ ಆಸ್ಪತ್ರೆಗೆ ತಳ್ಳಿದ್ದರು. ಜೀವ ಉಳಿಯಿತು. ನಾನು ಮನೆಗೆ ಹೋಗಿ ನೋಡಿದೆ. ಆಕ್ಸಿಜನ್ ಯಂತ್ರದ ಹಿಂಬದಿ ಕರಗಿ ಜೋತಿತ್ತು. ಗೋಡೆ ಕಪ್ಪಗಾಗಿತ್ತು. ಸ್ಟೆಬಿಲೈಸರಿನ ಕೆಂಪು ದೀಪ ಇನ್ನೂ ಉರಿಯುತ್ತಿತ್ತು. ಅಷ್ಟು ನಾಚಿಕೆಗೆಟ್ಟ ದೀಪವನ್ನು ನಾನು ನೋಡಿರಲಿಲ್ಲ.

ಓಣಿಯ ಮೂವತ್ತೊಂದು ಮನೆಯಲ್ಲೂ ಅದೇ ಕಥೆ. ಟಿವಿ, ಫ್ರಿಜ್ಜು, ಹೊಲಿಗೆ ಯಂತ್ರದ ಮೋಟಾರು, ಕ್ಷೌರದಣ್ಣನ ಕೂದಲು ಕತ್ತರಿಸುವ ಯಂತ್ರ. ಎಲ್ಲ ಸುಟ್ಟವು. ಕಂಬ ಹತ್ತಿದ ಲೈನ್‌ಮನ್ ಇಳಿದು ಬಂದು ಮುಖ ಒರೆಸಿಕೊಂಡ. ಅವನೂ ಗುತ್ತಿಗೆಯವನು, ನಮ್ಮ ಹಾಗೇ.

"ನ್ಯೂಟ್ರಲ್ ತಂತಿ ಕಿತ್ತು ಬಂದಿದೆ" ಎಂದ. "ಅದು ಕಿತ್ತರೆ ಒಬ್ಬರ ಕರೆಂಟು ಇನ್ನೊಬ್ಬರ ಮನೆಗೆ ನುಗ್ಗುತ್ತೆ. ಇನ್ನೂರ ಮೂವತ್ತು ವೋಲ್ಟ್ ಬರಬೇಕಾದ ಕಡೆ ಮುನ್ನೂರ ಎಂಬತ್ತರವರೆಗೂ ಬಂದಿರುತ್ತೆ. ಅದು ಸಡಿಲ ಆಗಿದೆ ಅಂತ ಮೂರು ಸಲ ಬರೆದು ಕೊಟ್ಟಿದ್ದೆ. ತಂತಿ ಬಿಗಿಯೋ ಕ್ಲಾಂಪ್ ಇಲ್ಲ ಅಂದ್ರು. ಹಳೇ ತಂತಿ ಸುತ್ತಿ ಇಳಿದಿದ್ದೆ."

"ಬಡಾವಣೆಯಲ್ಲಿ?"

"ಅಲ್ಲಿ ಏನೂ ಆಗಿಲ್ಲ. ಅವರ ಕ್ಲಾಂಪ್ ಹೊಸದು."

ಆಸ್ಪತ್ರೆಯಲ್ಲಿ ಅಕ್ಕನಿಗೆ ಸಿಕ್ಕಿದ್ದು ವಾರ್ಡಿನ ಬಾಗಿಲ ಬದಿಯ ಮಂಚ. ಗೋಡೆಯ ಆಕ್ಸಿಜನ್ನಿಗೆ ಒಂದು ಉದ್ದ ಪೈಪು. ಮನೆಗೆ ಯಂತ್ರ ಬಂದ ದಿನ ಕಳಿಸುತ್ತೇವೆ, ಹೆಚ್ಚು ದಿನ ಇಟ್ಟುಕೊಳ್ಳಲು ಆಗುವುದಿಲ್ಲ ಎಂದರು. ಹೊಸ ಯಂತ್ರ ಎಲ್ಲಿಂದ ತರಲಿ? ಓಣಿಯವರ ಕೈಯೂ ಸುಟ್ಟಿತ್ತು. ವಿದ್ಯುತ್ ಕಚೇರಿಗೆ ಅರ್ಜಿ ಕೊಟ್ಟೆವು. ಸುಟ್ಟಿದ್ದಕ್ಕೆ ಪರಿಹಾರ ಕೊಡಿ ಎಂದು ಮೂವತ್ತೊಂದು ಮನೆಯವರು ಸಹಿ ಹಾಕಿದೆವು. ಅಹವಾಲು ಕೇಳುವ ದಿನ ಬನ್ನಿ ಎಂದರು.

ಅದಕ್ಕೆ ಎರಡು ದಿನ ಮುಂಚೆ ಯಜಮಾನರು ನನ್ನನ್ನು ಕೋಣೆಗೆ ಕರೆಸಿದರು. ಹನ್ನೊಂದು ವರ್ಷದಲ್ಲಿ ಮೊದಲ ಸಲ ಕೂತುಕೋ ಎಂದರು. ಕುರ್ಚಿ ಮೆತ್ತಗಿತ್ತು.

"ನಿಮ್ಮಕ್ಕ ಹೇಗಿದ್ದಾಳೆ?"

"ಆಸ್ಪತ್ರೆಯಲ್ಲಿದ್ದಾಳೆ ಯಜಮಾನ್ರೇ."

"ಹೊಸ ಮಷೀನು ನಾನು ಕೊಡಿಸ್ತೀನಿ. ನಾಳೆನೇ ಬೇಕಾದ್ರೂ ತರಿಸ್ತೀನಿ. ಆಸ್ಪತ್ರೆಗೂ ಫೋನ್ ಮಾಡಿ ಹೇಳ್ತೀನಿ." ಒಂದು ಹಾಳೆ ಮುಂದೆ ತಳ್ಳಿದರು. "ನಿನ್ನದೊಂದು ಸಹಿ ಬೇಕು ಅಷ್ಟೇ."

ಓದಿದೆ. ಅಕ್ಷರ ಕಲಿಸಿದ್ದು ಅಕ್ಕ. 'ಸ್ಟೆಬಿಲೈಸರುಗಳನ್ನು ನಮ್ಮ ಓಣಿಯವರು ತಾವೇ ಬಿಚ್ಚಿ, ಕಟಾಫ್ ತೆಗೆದು ನೇರ ಸಂಪರ್ಕ ಕೊಟ್ಟುಕೊಂಡಿದ್ದರು. ನಾನೇ ಈ ಕೆಲಸ ಮಾಡಿಕೊಟ್ಟಿದ್ದೆ. ಸುಟ್ಟಿರುವುದಕ್ಕೆ ವಿದ್ಯುತ್ ಕಚೇರಿಯಾಗಲಿ ತಯಾರಕರಾಗಲಿ ಹೊಣೆಯಲ್ಲ.'

"ನಾವು ಬಿಚ್ಚಿಲ್ಲ" ಎಂದೆ.

"ಬಿಚ್ಚಿಲ್ಲ ಅಂತ ನನಗೂ ಗೊತ್ತು. ಕಚೇರಿಯವರಿಗೂ ಗೊತ್ತು. ಅವರು ನಮ್ಮಿಂದಲೇ ಮಾಲು ತಗೊಳ್ತಾರೆ, ಎಲ್ಲರೂ ಒಂದೇ ಮನೆಯವರು. ನೀನು ಓಣಿಯವರ ಬಗ್ಗೆ ಯೋಚನೆ ಮಾಡಬೇಡ. ಟಿವಿ ಇಲ್ಲದೆ ಯಾರೂ ಸಾಯಲ್ಲ. ನಿಮ್ಮಕ್ಕ ಹಾಗಲ್ಲ."

ಬಾಗಿಲ ತನಕ ಬಂದು ಬೆನ್ನು ತಟ್ಟಿದರು. ಮೂಗಿಗೆ ತುಪ್ಪ ಹಚ್ಚುವುದನ್ನು ಅವರಿಂದ ಕಲಿಯಬೇಕು. ಗೇಟಿನಲ್ಲಿ ಕಾವಲಿನವಳು ಎಂದಿನಂತೆ ತುರುಬು ಬಿಚ್ಚಿಸಿದಳು. ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಕೈಯಲ್ಲಿ ಹಿಡಿದಿದ್ದೆ. ಅದನ್ನು ಅವಳು ನೋಡಲಿಲ್ಲ. ಅದರಲ್ಲಿ ತಾಮ್ರ ಇರಲಿಲ್ಲವಲ್ಲ.

ಆಸ್ಪತ್ರೆಗೆ ಹೋದೆ. ಅಕ್ಕ ದಿಂಬಿಗೆ ಒರಗಿ ಕೂತಿದ್ದಳು. ಹಾಳೆ ಓದಿ ಹೇಳಿದೆ. ಅವಳು ಮಾತಾಡುವುದು ಈಗ ತುಂಡು ತುಂಡು. ಎರಡು ಮಾತು, ಒಂದು ಉಸಿರು.

"ಸಹಿ ಹಾಕ್ತೀಯಾ?" ಎಂದಳು.

"ಹಾಕ್ತೀನಿ. ನನಗೆ ನೀನು ಬೇಕು. ಓಣಿಯವರು ನನಗೆ ಉಗೀಲಿ."

ಅವಳು ನನ್ನ ಎಡಗೈ ಎಳೆದುಕೊಂಡಳು. ಆಗ ನನಗೆ ತಡೆಯಲಾಗಲಿಲ್ಲ. ಎಂಟು ತಿಂಗಳಿಂದ ಮುಚ್ಚಿಟ್ಟಿದ್ದನ್ನು ಉಗುಳಿದೆ. "ಅಕ್ಕಾ, ಆ ಡಬ್ಬ ಹಗುರ ಇತ್ತು. ಎತ್ತಿದಾಗಲೇ ಗೊತ್ತಾಯ್ತು. ಬಿಳಿದಕ್ಕೆ ಹಸಿರು ಚೀಟಿ ಅಂಟಿಸಿದ್ದಾರೆ ಅಂತ ಗೊತ್ತಿದ್ದೂ ನಿನಗೆ ಚೆನ್ನಾಗಿದೆ ಅಂದೆ. ನಾನೇ ಅಕ್ಕಾ ನಿನ್ನ ಹೀಗೆ ಮಾಡಿದ್ದು."

ಅಕ್ಕ ನನ್ನ ಬೆರಳಿನ ಗೆರೆ ಸವರುತ್ತ ಕೂತಳು.

"ನನಗೂ ಗೊತ್ತಿತ್ತು" ಎಂದಳು. "ಹೊಸ ಸುರುಳಿ ಬಿಸಿ ಆದ್ರೆ ವಾರ್ನಿಷ್ ವಾಸನೆ ಬರಬೇಕು. ಮೂರು ಅದ್ದಿಗೆ ಒಂದು ವಾರ ಬರುತ್ತೆ. ಇದಕ್ಕೆ ಮಾರನೇ ದಿನಕ್ಕೇ ಇರಲಿಲ್ಲ. ನನ್ನ ಎದೆ ಹಾಳಾಗಿದೆ, ಮೂಗು ಹಾಳಾಗಿಲ್ಲ."

"ಮತ್ತೆ ಯಾಕೆ ಹೇಳಲಿಲ್ಲ?"

"ನೀನು ಚೆನ್ನಾಗಿದೆ ಅಂದೆ. ನಿನಗೆ ಬೇಜಾರಾಗುತ್ತೆ ಅಂತ." ಉಸಿರು ಎಳೆದುಕೊಂಡಳು. "ಯಜಮಾನರು ಕೊಟ್ಟಿದ್ದು ಅಂತ."

ಅವಳ ಮೂಗು, ನನ್ನ ಕೈ. ಎರಡಕ್ಕೂ ಗೊತ್ತಿತ್ತು. ಒಂದೇ ಕೋಣೆಯಲ್ಲಿ ಏಳು ತಿಂಗಳು ಒಬ್ಬರಿಗೊಬ್ಬರು ಮುಚ್ಚಿಟ್ಟುಕೊಂಡು, ಆ ಕೆಂಪು ದೀಪದ ಎದುರಿಗೆ ಊಟ ಮಾಡಿ ಮಲಗಿದ್ದೆವು. ಅವರ ಉಪಕಾರಕ್ಕೆ ಎಲ್ಲಿ ಮುಕ್ಕಾಗುತ್ತದೋ ಎಂದು. ಇಂಥ ಮೂರ್ಖತನ ನಮ್ಮಂಥವರಿಗೆ ಮಾತ್ರ ಸಾಧ್ಯ. ತಟ್ಟೆಯಲ್ಲಿ ಕಲ್ಲು ಬಡಿಸಿದರೂ ಬಡಿಸಿದವರಿಗೆ ನೋವಾಗಬಾರದು ಎಂದು ಅಗಿಯುತ್ತೇವೆ.

"ಸೀಲು ಹಾಗೇ ಇದೆಯಾ?" ಅಕ್ಕ ಕೇಳಿದಳು.

"ಇದೆ."

"ಹಾಗಾದ್ರೆ ಅಲ್ಲೇ ಬಿಚ್ಚು. ಎಲ್ಲರ ಎದುರಿಗೆ. ಎಣಿಸು."

"ಮಷೀನು ಬರಲ್ಲ ಅಕ್ಕಾ."

"ಅವರು ಕೊಡೋ ಮಷೀನಿಗೂ ಅವರದೇ ಡಬ್ಬ ಕೊಡ್ತಾರೆ" ಎಂದಳು ಅಕ್ಕ.

ವಿದ್ಯುತ್ ಕಚೇರಿಯ ಹಾಲಿನಲ್ಲಿ ಉದ್ದನೆಯ ಮೇಜು. ಆ ಕಡೆ ದೊಡ್ಡ ಇಂಜಿನಿಯರು, ಬರೆದುಕೊಳ್ಳುವ ಗುಮಾಸ್ತ, ಪಕ್ಕದ ಕುರ್ಚಿಯಲ್ಲಿ ನಮ್ಮ ಯಜಮಾನರು. ಈ ಕಡೆ ಕುರ್ಚಿ ಇಲ್ಲ. ಓಣಿಯವರು ಗೋಡೆಗೆ ಒರಗಿ ನಿಂತಿದ್ದರು. ಕ್ಷೌರದಣ್ಣ ತನ್ನ ಡಬ್ಬವನ್ನೂ ಚೀಲದಲ್ಲಿ ಹಾಕಿಕೊಂಡು ಬಂದಿದ್ದ. ಹಾಲಿನ ಮೂಲೆಯಲ್ಲಿ ಒಂದು ದೊಡ್ಡ ಸ್ಟೆಬಿಲೈಸರ್ ಇತ್ತು. ಹಸಿರು ಚೀಟಿ.

"ಹೇಳಿಕೆ ತಂದಿದ್ದೀಯಾ?" ಇಂಜಿನಿಯರು ಕೇಳಿದರು.

ಹಾಳೆಯನ್ನು ಮೇಜಿನ ಮೇಲಿಟ್ಟೆ. ಸಹಿಯ ಜಾಗ ಖಾಲಿ ಇತ್ತು. ಅದರ ಮೇಲೆ ಡಬ್ಬ ಇಟ್ಟೆ.

"ಇದರಲ್ಲಿ ನಾವು ಬಿಚ್ಚಿದ್ದೀವಿ ಅಂತ ಬರೆದಿದೆ. ಸೀಲು ನೋಡಿ ಸಾರ್. ಒಡೆದಿದೆಯಾ?"

ಯಜಮಾನರ ಮುಖ ಸಪ್ಪಗಾಯಿತು. "ಅವಳು ನಮ್ಮಲ್ಲೇ ಕೆಲಸ ಮಾಡೋದು. ಸೀಲು ಎಲ್ಲಿಂದಾದರೂ ತಂದು ಹಾಕಿರಬಹುದು" ಎಂದರು.

"ಸೀಲಿನ ಅಚ್ಚು ಇರೋದು ನಿಮ್ಮ ಕಪಾಟಲ್ಲಿ. ಬೀಗದ ಕೈ ಇರೋದು ನಿಮ್ಮ ಸೊಂಟದಲ್ಲಿ" ಎಂದೆ. 'ಯಜಮಾನ್ರೇ' ಎನ್ನಲಿಲ್ಲ. ಬಿಟ್ಟು ಹೋಯಿತು. ಆಮೇಲೆ ಮತ್ತೆ ಬರಲೇ ಇಲ್ಲ.

ಸೀಲು ಕಿತ್ತೆ. ಸ್ಕ್ರೂ ಬಿಚ್ಚಿದೆ. ಮುಚ್ಚಳ ತೆಗೆದು ಡಬ್ಬವನ್ನು ಇಂಜಿನಿಯರ ಕಡೆ ತಿರುಗಿಸಿದೆ. "ಕಟಾಫ್ ಇರಬೇಕಾದ ಜಾಗ ಇದು. ನಾವು ತೆಗೆದಿದ್ರೆ ಈ ತೂತುಗಳಲ್ಲಿ ಬೆಸುಗೆಯ ಗುರುತು ಇರಬೇಕಿತ್ತು. ಬೆರಳಿಟ್ಟು ನೋಡಿ. ಸೀಸ ಮುಟ್ಟೇ ಇಲ್ಲ. ದೀಪಕ್ಕೆ ಮಾತ್ರ ಎರಡು ತಂತಿ."

ಅವರು ಬೆರಳಿಡಲಿಲ್ಲ. ಕನ್ನಡಕ ಸರಿ ಮಾಡಿಕೊಂಡರು. ಯಜಮಾನರು ಕೆಮ್ಮಿದರು. "ಸಾವಿರಾರು ಪೀಸಲ್ಲಿ ಒಂದು ತಪ್ಪಿರಬಹುದು ಸಾರ್. ಕೂಲಿಯವರ ಕೈಕೆಲಸ. ಲೆಕ್ಕ ತಪ್ಪುತ್ತೆ, ಏನಾದರೂ ಮರೀತಾರೆ. ಓದು ಬರಹ ಇಲ್ಲದವರು."

ಹನ್ನೊಂದು ವರ್ಷ ಇವಳೇ ಮೀಟರು ಎಂದು ಕುಣಿಸಿದ ಬಾಯಿ.

"ಲೆಕ್ಕ ತಪ್ಪಿದೆಯಾ? ಎಣಿಸೋಣ" ಎಂದೆ. "ಹಸಿರು ಚೀಟಿಗೆ ಆರುನೂರ ಇಪ್ಪತ್ತು ಸುತ್ತು. ಇದರಲ್ಲಿ ಐನೂರ ಹತ್ತು ಇದೆ. ಬಿಚ್ಚೋ ಮುಂಚೆನೇ ಹೇಳ್ತಿದ್ದೀನಿ, ಬರ್ಕೊಳ್ಳಿ. ತಪ್ಪಿದ್ದು ಆಗಿದ್ರೆ ಐನೂರ ಏಳು ಬರಬೇಕು, ಐನೂರ ಹದಿಮೂರು ಬರಬೇಕು. ತಪ್ಪು ಇಷ್ಟು ದುಂಡಗಿರಲ್ಲ ಸಾರ್."

ಸುರುಳಿಯನ್ನು ಬಿಗಿದಿದ್ದ ಕಬ್ಬಿಣದ ತಗಡುಗಳನ್ನು ಒಂದೊಂದಾಗಿ ಕಿತ್ತು ಹಾಕಿದೆ. ಕ್ಷೌರದಣ್ಣ ಡಬ್ಬವನ್ನು ಗಟ್ಟಿಯಾಗಿ ಹಿಡಿದುಕೊಂಡ. ತಗಡಿಗೆ ನನ್ನ ಅಂಗೈ ಎರಡು ಕಡೆ ಸೀಳಿತು. ಸುರುಳಿ ಹೊರಗೆ ಬಂತು. ಅದನ್ನು ಬಲಗೈಯಲ್ಲಿ ಹಿಡಿದು, ಎಡಗೈ ಬೆರಳಲ್ಲಿ ತುದಿ ಎಳೆದು, ಬಿಚ್ಚಲು ಶುರು ಮಾಡಿದೆ. ಮೂರು ಅದ್ದು ವಾರ್ನಿಷು ಕುಡಿದ ಸುರುಳಿ ಕಲ್ಲಾಗಿರುತ್ತದೆ, ಅಷ್ಟು ಸುಲಭಕ್ಕೆ ಬಿಚ್ಚಿಕೊಳ್ಳುವುದಿಲ್ಲ. ಇದು ಸರಸರ ಬಂತು. ನನ್ನ ಬೆರಳಿನ ಹಳೇ ಗೆರೆಯಲ್ಲೇ ವಾಪಸ್ಸು ಹರಿಯಿತು. ಹನ್ನೊಂದು ವರ್ಷ ಬಾಯೊಳಗೇ ಎಣಿಸಿದ್ದೆ. ಅವತ್ತು ಗಟ್ಟಿಯಾಗಿ ಎಣಿಸಿದೆ.

ಅರವತ್ತರ ಹೊತ್ತಿಗೆ ಇಂಜಿನಿಯರು ಗಡಿಯಾರ ನೋಡಿದರು. ನೂರ ನಲವತ್ತಕ್ಕೆ, "ಆಯ್ತಮ್ಮಾ, ಗೊತ್ತಾಯ್ತು, ಸಾಕು" ಎಂದರು.

ನಾನು ಎಳೆಯುವುದನ್ನು ನಿಲ್ಲಿಸಿ ಬಲಗೈಯ ತೋರುಬೆರಳು ಎತ್ತಿದೆ.

ಅಂಥವರ ಮುಖಕ್ಕೆ ಯಾರೂ ಹಾಗೆ ಬೆರಳೆತ್ತಿರಲಿಕ್ಕಿಲ್ಲ. ಗುಮಾಸ್ತನ ಪೆನ್ನು ನಿಂತಿತು. ಇಂಜಿನಿಯರು ಯಜಮಾನರ ಕಡೆ ತಿರುಗಿದರು, ಏನಿದು ಎಂಬಂತೆ. ಯಜಮಾನರಿಗೆ ಅರ್ಥ ಗೊತ್ತಿತ್ತು. ಆ ಬೆರಳ ಎದುರಿಗೆ ಹನ್ನೊಂದು ವರ್ಷ ಅವರೇ ನಿಂತಿದ್ದರು. ಅವರ ಬಾಯಿ ತಾನಾಗಿಯೇ ಮುಚ್ಚಿಕೊಂಡಿತು.

"ನೂರ ನಲವತ್ತೊಂದು" ಎಂದೆ.

ಗೋಡೆಯ ಹತ್ತಿರ ಯಾರೋ ದನಿಗೂಡಿಸಿದರು. ನನ್ನ ಜೊತೆ ಸುತ್ತುವವಳು, ಓಣಿಯ ಕೊನೆ ಮನೆಯವಳು. ಆಮೇಲೆ ಇನ್ನೊಬ್ಬಳು. ಮುನ್ನೂರರ ಹೊತ್ತಿಗೆ ಕ್ಷೌರದಣ್ಣನೂ ಎಣಿಸುತ್ತಿದ್ದ. ಬೀಡಿ ಸೇದಲು ಹೊರಗೆ ಹೋಗಿದ್ದ ಲೈನ್‌ಮನ್ ಬಾಗಿಲಲ್ಲಿ ಬಂದು ನಿಂತ. ಅವನು ಎಣಿಸಲಿಲ್ಲ, ಅವನ ತುಟಿ ಮಾತ್ರ ಅಲ್ಲಾಡುತ್ತಿತ್ತು. ಅವನ ಕೆಲಸ ಇಂಜಿನಿಯರ ಕೈಯಲ್ಲಿತ್ತು. ನನ್ನ ಕಾಲ ಬಳಿ ತಂತಿ ರಾಶಿ ಬಿತ್ತು. ಮೇಲಿನ ತಾಮ್ರದ ಬಣ್ಣ ಉಜ್ಜಿ ಹೋಗಿ ಒಳಗಿನ ಬಿಳಿ ಕಾಣುತ್ತಿತ್ತು. ಐನೂರ ಹತ್ತಕ್ಕೆ ತಂತಿ ಮುಗಿಯಿತು. ನನ್ನ ಕೈಯಲ್ಲಿ ಬರೀ ಪ್ಲಾಸ್ಟಿಕ್ಕಿನ ಚೌಕಟ್ಟು ಉಳಿಯಿತು.

ಕ್ಷೌರದಣ್ಣ ತನ್ನ ಡಬ್ಬವನ್ನು ಮೇಜಿನ ಮೇಲೆ ಕುಕ್ಕಿದ. "ಇದನ್ನೂ ಎಣಿಸು."

"ಬೇಡ ಬೇಡ" ಎಂದರು ಇಂಜಿನಿಯರು. ಬೆವರಿದ್ದರು. ಗುಮಾಸ್ತನ ಕಡೆ ಬಾಗಿ ಮೆಲ್ಲಗೆ ಬರೆಸತೊಡಗಿದರು. ಅವರ ಮೆಲ್ಲಗೆ ನಮಗೆ ಕೇಳಿಸುತ್ತದೆ. ಗದ್ದಲದಲ್ಲಿ ಲೆಕ್ಕ ಹಿಡಿದ ಕಿವಿ ಇದು. "ಸದರಿ ಸುರುಳಿಯನ್ನು ಸುತ್ತಿದ್ದು ತಾನೇ ಎಂದು ಕೆಲಸಗಾರ್ತಿ ಒಪ್ಪಿಕೊಂಡಿದ್ದಾಳೆ." ಆಮೇಲೆ ನನ್ನ ಕಡೆ ತಿರುಗಿ, "ನೀನೇ ಸುತ್ತಿದ್ದಲ್ವಾ?" ಎಂದು ಕೇಳಿದರು.

ಯಜಮಾನರ ಮುಖಕ್ಕೆ ಸ್ವಲ್ಪ ರಕ್ತ ವಾಪಸ್ಸು ಬಂತು.

ನನಗೆ ಗೊತ್ತಾಯಿತು. ಕಂಬದ ಕ್ಲಾಂಪು, ಖಾಲಿ ಜಾಗ, ನೂರ ಹತ್ತು ಸುತ್ತು, ಎಲ್ಲವನ್ನೂ ತಂದು ನನ್ನ ಎರಡು ಬೆರಳಿನ ಮೇಲೆ ಹೇರುತ್ತಾರೆ. ಇಲ್ಲ ಎಂದರೆ ಸುಳ್ಳು. ಹೌದು ಎಂದರೆ ಕೆಲಸ ಹೋಗುತ್ತದೆ, ಪೊಲೀಸರೂ ಬರಬಹುದು.

"ಹೌದು. ನಾನೇ ಸುತ್ತಿದ್ದು" ಎಂದೆ. "ಇದೊಂದೇ ಅಲ್ಲ, ದಿನಕ್ಕೆ ಹದಿನಾಲ್ಕು. ಇವರು ಹೇಳಿದ ಹಾಗೆ ಸುತ್ತಿದೆ, ಇವರು ಕಡಿಮೆ ಮಾಡು ಅಂದಷ್ಟು ಕಡಿಮೆ ಮಾಡಿದೆ. ಗೊತ್ತಿದ್ದೂ ಮಾಡಿದೆ. ಅದಕ್ಕೆ ನನಗೆ ಏನು ಶಿಕ್ಷೆ ಇದೆಯೋ ಬರೆಯಿರಿ. ಆದ್ರೆ ಪೂರ್ತಿ ಬರೆಯಿರಿ. ಮೂರು ಸಲ ಬರೆದು ಕೊಟ್ಟರೂ ಕ್ಲಾಂಪ್ ಹಾಕಲಿಲ್ಲ ಅನ್ನೋದನ್ನೂ ಬರೆಯಿರಿ. ಬರೆಯೋ ತನಕ ನಾವು ಹೋಗಲ್ಲ."

ಗೋಡೆಗೆ ಒರಗಿದವರು ಒಬ್ಬೊಬ್ಬರಾಗಿ ನೆಲದ ಮೇಲೆ ಕೂತರು. ಕುರ್ಚಿ ಹಾಕದವರ ಕಚೇರಿಯಲ್ಲಿ ಇನ್ನೇನು ಮಾಡುವುದು.

ಸಂಜೆ ಐದಕ್ಕೆ ಬರೆದರು. ಎರಡೂ ಬರೆದರು. ನನ್ನ ತಪ್ಪನ್ನು ಎಂಟು ಸಾಲು, ಅವರದನ್ನು ಒಂದೂವರೆ. 'ಮೇಲಧಿಕಾರಿಗಳ ಗಮನಕ್ಕೆ' ಎಂದು ಷರಾ ಹಾಕಿ ಮುಚ್ಚಿದರು. ಪರಿಹಾರದ ಮಾತು ಬರಲಿಲ್ಲ. ಯಜಮಾನರು ಎದ್ದು ಹೋಗುವಾಗ ನನ್ನ ಮುಖ ನೋಡದೆ, "ನಾಳೆಯಿಂದ ಬರಬೇಡ" ಎಂದರು. ಗೆದ್ದೆವು ಎಂದು ಹೇಳುವ ಹಾಗಿರಲಿಲ್ಲ.

"ಈ ತಂತಿ ಎತ್ತಿಕೊಂಡು ಹೋಗಿ. ಯಾರು ಗುಡಿಸ್ತಾರೆ ಇದನ್ನೆಲ್ಲ?" ಗುಮಾಸ್ತ ಗದರಿದ.

"ಸುತ್ತಿಸಿದವರು ಗುಡಿಸ್ತಾರೆ" ಎಂದೆ.

ಆಸ್ಪತ್ರೆಗೆ ನಡೆದೇ ಹೋದೆ. ಅಂಗೈಗೆ ಬಟ್ಟೆ ಸುತ್ತಿಕೊಂಡಿದ್ದೆ. ದಾರಿಯುದ್ದಕ್ಕೂ ನನಗೆ ನನ್ನ ಮೇಲೇ ಸಿಟ್ಟು. ಸಹಿ ಹಾಕಿದ್ದರೆ ಈ ಹೊತ್ತಿಗೆ ಮನೆಯಲ್ಲಿ ಯಂತ್ರ ಗುರ್ರ್ ಎನ್ನುತ್ತಿತ್ತು. ಸತ್ಯ ಹೇಳಿ ಬಂದವಳ ಕೈ ಖಾಲಿ. ಅಕ್ಕನಿಗೆ ಏನು ಹೇಳಲಿ, ಒಂದೂವರೆ ಸಾಲನ್ನು ಉಸಿರಾಡು ಎನ್ನಲೇ?

ಅಕ್ಕ ಎಚ್ಚರ ಇದ್ದಳು. "ಎಷ್ಟು?" ಎಂದಳು.

"ಐನೂರ ಹತ್ತು."

"ಗಟ್ಟಿಯಾಗಿ ಎಣಿಸಿದೆಯಾ?"

"ಎಲ್ಲರೂ ಎಣಿಸಿದರು."

ಅವಳು ಕಣ್ಣು ಮುಚ್ಚಿದಳು. ತುಟಿ ಸ್ವಲ್ಪ ಅರಳಿತು. ಯಂತ್ರದ ಬಗ್ಗೆ ಕೇಳಲೇ ಇಲ್ಲ. ಕೇಳಿದ್ದರೆ ಚೆನ್ನಾಗಿತ್ತು.

ಅಷ್ಟರಲ್ಲಿ ವಾರ್ಡಿನ ಅಟೆಂಡರು ಬಂದ. ಕೈಯಲ್ಲಿ ಚೀಟಿ. "ಮಂಚ ಖಾಲಿ ಮಾಡ್ಬೇಕು. ಮನೆಗೆ ಮಷೀನು ಬಂತು ಅಂತ ನಿಮ್ಮ ಯಜಮಾನರು ಮೊನ್ನೆನೇ ಫೋನ್ ಮಾಡಿದ್ರಲ್ಲ."

"ಬಂದಿಲ್ಲ. ಬರೋದೂ ಇಲ್ಲ."

"ಅದು ನಮಗೆ ಗೊತ್ತಿಲ್ಲಮ್ಮ. ಬರೆದಾಗಿದೆ. ಹೊರಗೆ ಇನ್ನೊಂದು ಕೇಸು ಕಾಯ್ತಾ ಇದೆ." ಅವನು ಬಾಗಿ ಗೋಡೆಯ ಪೈಪಿಗೆ ಕೈ ಹಾಕಿದ.

ಅಕ್ಕ ಕಣ್ಣು ತೆರೆಯಲಿಲ್ಲ. ಅವಳ ಎದೆ ಏರಿತು, ಇಳಿಯಿತು. ಮತ್ತೆ ಏರಿತು. ಹೊದಿಕೆಯೊಳಗಿಂದ ಬಲಗೈ ನಿಧಾನಕ್ಕೆ ಹೊರಗೆ ಬಂತು. ವಾರ್ನಿಷಿನ ಕಂದು ಇನ್ನೂ ಬಿಡದ ಉಗುರು. ತೋರುಬೆರಳು ಎದ್ದು ನಿಂತಿತು. ನೆಟ್ಟಗಿತ್ತು.

ಅಟೆಂಡರು ಗಲಿಬಿಲಿಯಾದ. "ಏನಂತೆ? ಏನು ಬೇಕಂತೆ ಇವರಿಗೆ?"

"ಎಣಿಸ್ತಾ ಇದ್ದಾಳೆ" ಎಂದೆ. "ಪೈಪಿಂದ ಕೈ ತೆಗೀರಿ. ಬೆರಳು ಇಳಿಯೋ ತನಕ ನೀವು ನಿಂತಿರಬೇಕು."